ಜ್ವರಕ್ಕೆ ಕೂತ ಸರ್ವರ್

ನಾನು ಏನು ಕೆಲಸ ಮಾಡುತ್ತೇನೆಂದು ಅಮ್ಮನಿಗೆ ಹೇಳಲು ಹೋಗಿ ಹನ್ನೆರಡು ವರ್ಷದಿಂದ ಸೋಲುತ್ತಲೇ ಬಂದಿದ್ದೇನೆ.

“ಒಂದು ದೊಡ್ಡ ಕಂಪ್ಯೂಟರ್ ಇರ್ತದಮ್ಮ. ಅದರೊಳಗೆ ಹದಿನೈದು ಕಂಪ್ಯೂಟರ್ ಇರೋ ಹಂಗೆ ಮಾಡ್ತೀವಿ.”

“ಇರೋ ಹಂಗೆ ಅಂದ್ರೆ? ಇರ್ತವೋ, ಇಲ್ವೋ?”

“ಇರಲ್ಲ. ಆದ್ರೆ ನಾವಿದೀವಿ ಅಂತ ಅವು ಅಂದ್ಕೊಂಡಿರ್ತವೆ.”

“ಇಲ್ದೇ ಇರೋದನ್ನ ಕಾಯೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ!”

ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯಲ್ಲಿ ಅಮ್ಮ ರೇಷ್ಮೆ ಹುಳು ಸಾಕುತ್ತಾಳೆ. ನಾನು ದಿನಾ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಒಂದು ಕಂಪನಿಯ ಮೂರು ಸರ್ವರ್ ಸಾಕುತ್ತೇನೆ. ಆ ಮೂರರ ಮೇಲೆ ನಲವತ್ತು ವರ್ಚುವಲ್ ಮೆಷಿನ್‌ಗಳು, ನಮ್ಮ ಬಾಯಲ್ಲಿ ವಿಎಂಗಳು. ಗೌರಿಬಿದನೂರು, ಚಿಂತಾಮಣಿ ಶಾಖೆಗಳ ಬಿಲ್ಲು, ಲೆಕ್ಕ, ಹಾಜರಿ ಎಲ್ಲ ಅವುಗಳ ಹೊಟ್ಟೆಯಲ್ಲೇ.

ಗೌರಿಬಿದನೂರಿನ ಗೆಳೆಯನೊಬ್ಬ ಊಟಕ್ಕೆ ಬಂದಾಗ ನನ್ನ ಪರ ವಕಾಲತ್ತು ವಹಿಸಿದ. “ನಮ್ಮೂರತ್ರ ಬಯಲಲ್ಲಿ ಸಾವಿರ ಆಂಟೆನಾ ಟಿ ಆಕಾರದಲ್ಲಿ ನಿಲ್ಲಿಸಿದ್ರು ಅಮ್ಮ. ಎಲ್ಲಾ ಸೇರಿ ಒಂದೇ ಕಿವಿ ಆಗಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಕೇಳಿಸ್ಕೊಂಡ್ವು. ಅಲ್ಲಿ ಸಾವಿರ ಸೇರಿ ಒಂದು. ಇವನತ್ರ ಒಂದೇ ಹದಿನೈದು.” ಅಮ್ಮ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು ಹೇಳಿದಳು: “ಸಾವಿರ ಸೇರಿ ಒಂದಾದ್ರೆ ಜಾತ್ರೆ. ಒಂದು ಹದಿನೈದಾದ್ರೆ ಅದು ಜಮೀನು ಭಾಗ. ಕೊನೆಗೆ ಕೋರ್ಟಿಗೇ ಹೋಗೋದು.”

ಕೋರ್ಟಿನ ಮಾತು ಸುಳ್ಳಲ್ಲ. ಒಂದೇ ದೊಡ್ಡ ಯಂತ್ರವನ್ನು ಹತ್ತಾರು ಜನರಿಗೆ ಹಂಚಿ, ಪ್ರತಿಯೊಬ್ಬನಿಗೂ ‘ಇದು ಪೂರ್ತಿ ನನ್ನದೇ’ ಎನ್ನಿಸುವ ಈ ಮಾಯೆಯನ್ನು ಐಬಿಎಂ 1972ರಲ್ಲೇ ವಿಎಂ/370 ಎಂಬ ಹೆಸರಿನಲ್ಲಿ ಮಾರಿತ್ತು. ಅಂದಿನಿಂದಲೂ ಭಾಗಸ್ಥರ ಜಗಳ ನಿಂತಿಲ್ಲ. ನಮ್ಮ ಲೆಕ್ಕದ ವಿಭಾಗದವರು ‘ನಿಧಾನ ಆಯ್ತು’ ಎಂದಾಗಲೆಲ್ಲ ನಾನು ಅವರ ವಿಎಂಗೆ ಇನ್ನೆರಡು ಸಿಪಿಯು ಬರೆದುಕೊಡುತ್ತಿದ್ದೆ. ಕಾಗದದ ಮೇಲೆ ತಾನೆ, ನನ್ನದೇನು ಗಂಟು ಹೋಗುತ್ತದೆ! ಕೊಟ್ಟಷ್ಟೂ ಅದು ನಿಧಾನವಾಯಿತು. ಹದಿನಾರು ಸಿಪಿಯು ಹೊತ್ತ ವಿಎಂ ಸಲೀಸಾಗಿ ಓಡಬೇಕಾದರೆ ಅವೆಲ್ಲ ಹೆಚ್ಚುಕಡಿಮೆ ಜೊತೆಜೊತೆಗೇ ಸಾಗಬೇಕು, ಅದಕ್ಕೆ ನಿಜವಾದ ಕೋರ್‌ಗಳು ಬಿಡುವಾಗಬೇಕು. ಯಾರೂ ಹಿಂದೆ ಉಳಿಯಬಾರದೆಂದು ಹಟ ಹಿಡಿದ ಮದುವೆ ದಿಬ್ಬಣದಂತೆ ಅದು ಮತ್ತೆ ಮತ್ತೆ ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ. ನಾಲ್ಕಕ್ಕೆ ಇಳಿಸಿದೆ, ಓಡಿತು. ಇದನ್ನು ಮನೆಯಲ್ಲಿ ದೊಡ್ಡ ಸಂಶೋಧನೆಯಂತೆ ಹೇಳಿದರೆ ಅಮ್ಮ, “ತಟ್ಟೇಲಿ ದಟ್ಟವಾಗಿ ಹುಳು ಬಿಟ್ರೆ ಗೂಡು ಸಣ್ಣದಾಗ್ತದೆ. ಇದಕ್ಕೆ ಇಂಜಿನಿಯರಿಂಗ್ ಓದ್ಬೇಕಾ?” ಎಂದಳು.

ಆದರೆ ನನ್ನ ಮಾನ ಪೂರ್ತಿ ಹೋದದ್ದು ಸ್ನ್ಯಾಪ್‌ಶಾಟ್‌ನಿಂದ. ವಿಎಂಗೆ ಏನಾದರೂ ತೇಪೆ ಹಾಕುವ ಮುಂಚೆ ಅದರ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡಬಹುದು. ಕೆಟ್ಟರೆ ಅಲ್ಲಿಗೇ ವಾಪಸು. ಬಿಲ್ಲಿಂಗ್ ವಿಎಂಗೆ ಹಾಗೆ ಒಂದು ತೆಗೆದೆ, ತೇಪೆ ಹಾಕಿದೆ, ಎಲ್ಲ ಸರಿಹೋಯಿತು, ಟೀ ಕುಡಿದು ಮರೆತೆ. ಸ್ನ್ಯಾಪ್‌ಶಾಟ್ ಎಂದರೆ ಫೋಟೋ ಅಲ್ಲ, ಸಾಲದ ಪುಸ್ತಕ. ತೆಗೆದ ಗಳಿಗೆಯಿಂದ ಹಳೆಯ ಡಿಸ್ಕ್ ಮುಟ್ಟದೆ, ಆಗುವ ಬದಲಾವಣೆಯನ್ನೆಲ್ಲ ಬೇರೆ ಕಡತದಲ್ಲಿ ಬರೆಯುತ್ತಾ ಹೋಗುತ್ತದೆ. 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ಈ ವಿಎಂಗಳನ್ನು ನಡೆಸುವ ತಂತ್ರಾಂಶ ಮಾಡಿದ ವಿಎಂವೇರ್‌ನವರೇ ಹೇಳಿದ್ದಾರೆ. ನಾನು ನಾಲ್ಕು ತಿಂಗಳು ಇಟ್ಟುಕೊಂಡಿದ್ದೆ.

ಒಂದು ಬೆಳಿಗ್ಗೆ ಜಾಗ ಮುಗಿದು ಬಿಲ್ಲಿಂಗ್ ವಿಎಂ ನಿಂತಲ್ಲೇ ನಿಂತಿತು. ಚಿಂತಾಮಣಿಯಿಂದ ಫೋನು. “ಸಾರ್, ಬಿಲ್ಲು ಬರ್ತಿಲ್ಲ. ಗೇಟಲ್ಲಿ ಮೂರು ಲಾರಿ ಟೊಮ್ಯಾಟೊ ನಿಂತದೆ.” ಸ್ವಲ್ಪ ತಾಳಿ ಎಂದೆ. “ನಾವು ತಾಳ್ತೀವಿ ಸಾರ್, ಟೊಮ್ಯಾಟೊ ತಾಳ್ಬೇಕಲ್ಲ!” ಟೊಮ್ಯಾಟೊವಿಗೆ ಸ್ನ್ಯಾಪ್‌ಶಾಟ್ ತೆಗೆಯುವ ವಿದ್ಯೆ ಇನ್ನೂ ಬಂದಿಲ್ಲ. ಅಕ್ಕಪಕ್ಕದ ವಿಎಂಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ ಜಾಗ ಮಾಡಿ, ಆ ಸಾಲವನ್ನು ಅಸಲಿಗೆ ಸೇರಿಸಿ ತೀರಿಸಲು ಐದು ಗಂಟೆ ಬೇಕಾಯಿತು. ಅಲ್ಲಿಯವರೆಗೆ ಚಿಂತಾಮಣಿಯವರು ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬಿಲ್ಲು ಬರೆದರು. ಕಾರ್ಬನ್ ಹಾಳೆಗೆ ಅಪ್‌ಗ್ರೇಡ್ ಬೇಕಿಲ್ಲವೆಂದು ಇಂದಿಗೂ ಆಡಿಕೊಳ್ಳುತ್ತಾರೆ.

ಸ್ನ್ಯಾಪ್‌ಶಾಟ್ ಇದೆಯೆಂದು ಬ್ಯಾಕಪ್ ಬಿಡುವವರೂ ಇದ್ದಾರೆ. ಮೂಲ ಡಿಸ್ಕ್ ಹೋದರೆ ಅದೂ ಜೊತೆಗೇ ಸಹಗಮನ. ಅಮ್ಮ ಮನೆಪತ್ರದ ಒಂದು ನಕಲನ್ನು ಚಿಕ್ಕಮ್ಮನ ಮನೆಯ ಟ್ರಂಕಿನಲ್ಲಿ ಇಟ್ಟಿದ್ದಾಳೆ. ವರ್ಷಕ್ಕೊಮ್ಮೆ ಹೋಗಿ ಇದೆಯೋ, ಇಲಿ ತಿಂದಿದೆಯೋ ಎಂದು ತೆಗೆದು ನೋಡಿಯೂ ಬರುತ್ತಾಳೆ. ಬ್ಯಾಕಪ್ ಇಡುವವರು ನಮ್ಮಲ್ಲಿ ಬಹಳ. ಅಮ್ಮ ಟ್ರಂಕು ತೆಗೆದು ನೋಡುವ ಹಾಗೆ ಅದರಿಂದ ವಿಎಂ ಎಬ್ಬಿಸಿ ನೋಡುವವರು ಮಾತ್ರ ಕಡಿಮೆ.

ಇಷ್ಟರಲ್ಲಿ ಅಪ್‌ಗ್ರೇಡ್ ಬಂತು. ವಿಎಂವೇರ್‌ನ ಆ ತಂತ್ರಾಂಶ, ನಮ್ಮ ವಿಸ್ಫಿಯರ್ 7ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಗಾಂಧಿ ಜಯಂತಿಯ ದಿನವೇ ಅಸಹಕಾರ! 2023ರ ನವೆಂಬರಿನಲ್ಲಿ ವಿಎಂವೇರ್ ಬ್ರಾಡ್‌ಕಾಮ್‌ನ ಪಾಲಾದ ಮೇಲೆ ಶಾಶ್ವತ ಲೈಸೆನ್ಸ್ ಮಾರುವುದೂ ನಿಂತಿತ್ತು; ಕ್ರಯಪತ್ರ ಹೋಗಿ ಗುತ್ತಿಗೆ ಬಂದಿತ್ತು. ನಮ್ಮ ಸರ್ವರ್‌ಗಳು ವಿಸ್ಫಿಯರ್ 8ಕ್ಕೆ ಹೊಂದುತ್ತವೆಯೇ ಎಂದು ಪಟ್ಟಿಯಲ್ಲಿ ಜಾತಕ ನೋಡಿ, ಶನಿವಾರ ರಾತ್ರಿಗೆ ಮುಹೂರ್ತ ಇಟ್ಟೆ.

ಹೊರಡುವ ಹೊತ್ತಿಗೆ ಹುಳು ಮನೆಯಲ್ಲಿ ಸದ್ದೇ ಇಲ್ಲ. ನಾಲ್ಕನೇ ಜ್ವರ. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೇ ನಮ್ಮಲ್ಲಿ ಜ್ವರ ಎನ್ನುವುದು. ತಲೆ ಎತ್ತಿ, ಅಲ್ಲಾಡದೆ, ಸೊಪ್ಪು ಮುಟ್ಟದೆ ಒಂದು ದಿನ ಕೂತುಬಿಡುತ್ತವೆ. ಅಮ್ಮ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತಿದ್ದಳು.

“ನಮ್ಮವೂ ಇವತ್ತು ಜ್ವರಕ್ಕೆ ಕೂತ್ಕೋತವೆ” ಎಂದೆ.

“ಹಂಗಾದ್ರೆ ಮುಟ್ಟಬೇಡ. ಎಲ್ಲಾ ಏಳೋವರೆಗೂ ಒಂದಕ್ಕೂ ಸೊಪ್ಪು ಹಾಕ್ಬೇಡ. ಮೊದ್ಲು ಎದ್ದವಕ್ಕೆ ಹಾಕಿದ್ಯೋ, ಬೆಳೆ ಹಿಂದುಮುಂದಾಗ್ತದೆ.”

ಕ್ರಮ ನನಗೂ ಬಾಯಿಪಾಠ. ಮೊದಲು ಎಲ್ಲವನ್ನೂ ಆಳುವ ವಿಸೆಂಟರ್. ಆಮೇಲೆ ಒಂದೊಂದೇ ಹೋಸ್ಟ್, ಅಂದರೆ ವಿಎಂಗಳನ್ನು ಹೊತ್ತ ಸರ್ವರ್: ಅದರ ಮೇಲಿನ ವಿಎಂಗಳನ್ನು, ಓಡುತ್ತಿರುವಂತೆಯೇ, ಉಳಿದೆರಡಕ್ಕೆ ಸಾಗಿಸಿ, ಖಾಲಿ ಮಾಡಿ, ಮೇಲೇರಿಸುವುದು. ಮೂರರಲ್ಲಿ ಒಂದು ಇಲ್ಲದಿದ್ದರೂ ಸಂಸಾರ ನಡೆಯುವಷ್ಟು ಜಾಗ ಸದಾ ಖಾಲಿ ಇಟ್ಟಿರಬೇಕು, ಇಲ್ಲವೆಂದರೆ ಸಾಗಿಸುವುದೆಲ್ಲಿಗೆ? ಮೂರೂ ಎದ್ದ ಮೇಲೆ ವಿಎಂಗಳ ಟೂಲ್ಸ್. ಕಟ್ಟಕಡೆಗೆ, ಬೇಕಿದ್ದರೆ ಮಾತ್ರ, ಅವುಗಳ ವರ್ಚುವಲ್ ಹಾರ್ಡ್‌ವೇರ್ ಆವೃತ್ತಿ.

ರಾತ್ರಿ ಒಂದರ ಹೊತ್ತಿಗೆ ಮೊದಲ ಹೋಸ್ಟ್ ಎದ್ದು ಕೂತಿತು. ಅದರ ಕಳೆ ನೋಡಿ ನನಗೆ ಕೈ ತಡೆಯಲಿಲ್ಲ. ಹಾಜರಿ ಲೆಕ್ಕದ ವಿಎಂ ಒಂದನ್ನು ಅದರ ಮೇಲೆ ತಂದು, ಅದರ ಹಾರ್ಡ್‌ವೇರ್ ಆವೃತ್ತಿಯನ್ನೂ ಏರಿಸಿಬಿಟ್ಟೆ. ಎರಡು ಗಂಟೆಗೆ ನೋಡಿದರೆ ಆ ಹೋಸ್ಟಿಗೆ ಒಂದು ಡ್ರೈವರ್ ಬಾಕಿ, ಇನ್ನೊಮ್ಮೆ ಖಾಲಿ ಮಾಡಬೇಕು. ಉಳಿದ ವಿಎಂಗಳು ತೆಪ್ಪಗೆ ಹೋದವು. ಹಾಜರಿಯದು ಮಾತ್ರ ಹೋಗಲೊಲ್ಲದು. ಹೊಸ ಆವೃತ್ತಿಯ ವಿಎಂ ಹಳೆಯ ಹೋಸ್ಟಿನ ಮೇಲೆ ಕಾಲಿಡುವುದಿಲ್ಲ. ಬೆಂಗಳೂರು ಕಂಡ ಸೊಸೆ. ಕೊನೆಗೆ ಅದನ್ನು ಮುಚ್ಚಿ ಮಲಗಿಸಿ, ಮಿಕ್ಕ ಕೆಲಸ ಮುಗಿಸಿ, ಮೂರೂ ಎದ್ದ ಮೇಲೆ ಎಬ್ಬಿಸಬೇಕಾಯಿತು.

ಮೊದಲ ಬಸ್ಸಿಗೆ ಊರಿಗೆ ಬಂದೆ. ಅಮ್ಮ ಸೊಪ್ಪಿನ ಹೊರೆಯ ಪಕ್ಕ ಕೂತು ತಟ್ಟೆಗಳನ್ನೇ ನೋಡುತ್ತಿದ್ದಳು, ಇನ್ನೂ ಒಂದೆಲೆ ಹಾಕಿರಲಿಲ್ಲ.

“ಎಲ್ಲಾ ಎದ್ವಾ?”

“ಎದ್ವು. ಒಂದು ಮಾತ್ರ ಸ್ವಲ್ಪ ತಡ ಮಾಡ್ತು.”

ಅಮ್ಮ ತಲೆ ಎತ್ತಿ ನನ್ನ ಮುಖ ನೋಡಿದಳು.

“ಮೊದ್ಲೇ ಸೊಪ್ಪು ಹಾಕ್ದಾ?”

ನಾನು ಟವಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿನ ಕಡೆ ನಡೆದೆ.