ಬೋಧಿವೃಕ್ಷದಡಿ ಓಓಡಿ

ವಿಶ್ವವಿದ್ಯಾಲಯದ ಮೇಷ್ಟ್ರು ಕಾಶಿಗೆ ಹೋದರೆ ಅದು ಇಎಲ್, ಗಳಿಕೆ ರಜೆ. ಅಲ್ಲಿಂದ ಹತ್ತು ಕಿಲೋಮೀಟರ್ ಆಚೆಯ ಸಾರನಾಥಕ್ಕೆ ಹೋದರೆ ವ್ಯಕ್ತಿತ್ವ ವಿಕಸನ. ವಿಶ್ವನಾಥನ ದರ್ಶನಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ. ಬುದ್ಧನಾದರೆ ‘ಮೈಂಡ್‌ಫುಲ್‌ನೆಸ್’ ಎಂದು ಬರೆದು ಧೈರ್ಯವಾಗಿ ಓಓಡಿ, ಅಂದರೆ ಅನ್ಯ ಕಾರ್ಯ ನಿಮಿತ್ತದ ಅನುಮತಿ, ಕೇಳಬಹುದು.

ಅರ್ಜಿ ಆಡಳಿತ ವಿಭಾಗ ಮುಟ್ಟಿದ ಮೇಲೆ ಭೂಗೋಳ ಅಡ್ಡ ಬರುತ್ತದೆ. ಬುದ್ಧನಿಗೆ ಜ್ಞಾನೋದಯವಾದದ್ದು ಬಿಹಾರದ ಬೋಧಗಯೆಯಲ್ಲಿ. ಮೊದಲ ಪಾಠ ಹೇಳಿದ ಸಾರನಾಥ, ಕೊನೆಯುಸಿರೆಳೆದ ಕುಶಿನಗರ ಎರಡೂ ಉತ್ತರ ಪ್ರದೇಶದಲ್ಲಿವೆ. ಹುಟ್ಟಿದ ಜಾಗದ್ದೇ ತಕರಾರು.

“ಸಾರ್, ಲುಂಬಿನಿ ನೇಪಾಳದಲ್ಲಿದೆ. ಎನ್‌ಒಸಿ ಬೇಕಾಗುತ್ತೆ,” ಎನ್ನುತ್ತಾರೆ ಸೂಪರಿಂಟೆಂಡೆಂಟ್.

“ಗಡಿ ದಾಟಿದ್ರೆ ಒಂದು ಗಂಟೆ ದಾರಿ ಕಣ್ರೀ. ವೀಸಾನೂ ಬೇಡ.”

“ಫಾರಿನ್ ಅಂದ್ರೆ ಫಾರಿನ್ನೇ ಸಾರ್. ಹುಟ್ಟಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ನೋಡ್ಕೊಂಡು ಬನ್ನಿ.”

ಬೋಧಗಯೆಯಲ್ಲಿ ವಿಕಸನ ಗೇಟಿನಲ್ಲೇ ಶುರು. 2013ರ ಬಾಂಬ್ ಸ್ಫೋಟಗಳ ನಂತರ ಮಹಾಬೋಧಿ ದೇವಾಲಯದೊಳಗೆ ಮೊಬೈಲ್ ಬಿಡುವುದಿಲ್ಲ. ಕೌಂಟರಿನಲ್ಲಿ ಫೋನ್ ಒಪ್ಪಿಸಿ ಟೋಕನ್ ಪಡೆದ ವಿಭಾಗದ ಮುಖ್ಯಸ್ಥರು ಅಶ್ವತ್ಥದ ಕೆಳಗೆ ಕಣ್ಣು ಮುಚ್ಚಿ ಕೂತರೂ ಕೈ ಮಾತ್ರ ಆಗಾಗ್ಗೆ ಅಂಗಿಯ ಜೇಬು ತಡವುತ್ತಿರುತ್ತದೆ. ಸಿದ್ಧಾರ್ಥ ರಾಜ್ಯವನ್ನೇ ಇದಕ್ಕಿಂತ ಸಲೀಸಾಗಿ ಬಿಟ್ಟಿದ್ದ.

ಸಾರನಾಥದಲ್ಲಿ ಎಲ್ಲರೂ ಕೊಂಚ ಭಾವುಕರಾಗುತ್ತಾರೆ. ಬುದ್ಧನ ಮೊದಲ ತರಗತಿಗೆ ಕೂತವರು ಐದೇ ಮಂದಿ. ಅವರೂ ಹಿಂದೊಮ್ಮೆ ಈತನ ಸಹವಾಸವೇ ಬೇಡವೆಂದು ಬಿಟ್ಟು ಹೋಗಿದ್ದವರು. ಈಗ ಎಂಎಗೆ ಐದೇ ಅಡ್ಮಿಷನ್ ಆದರೆ ಕೋರ್ಸ್ ಮುಚ್ಚುವ ಸುತ್ತೋಲೆ ಬರುತ್ತದೆ.

ಆದರೆ ಈ ಯಾತ್ರೆಯ ನಿಜವಾದ ಮೂಲಪುರುಷ ಸಿಗುವುದು ನಳಂದದಲ್ಲಿ. 7ನೆಯ ಶತಮಾನದಲ್ಲಿ ಚೀನಾದಿಂದ ಹೊರಟ ಹ್ಯುಯೆನ್‌ತ್ಸಾಂಗ್‌ಗೆ ಗಡಿ ದಾಟಲು ಅನುಮತಿಯೇ ಇರಲಿಲ್ಲ. ಅವನು ಕದ್ದು ಬಂದ. ನಳಂದ ವಿಹಾರದಲ್ಲಿ ಬಾಗಿಲು ಕಾಯುವವನೇ ಪ್ರವೇಶ ಪರೀಕ್ಷೆ ಮಾಡುತ್ತಿದ್ದ, ಹತ್ತರಲ್ಲಿ ಏಳೆಂಟು ಮಂದಿ ಅಲ್ಲಿಂದಲೇ ವಾಪಸು ಹೋಗುತ್ತಿದ್ದರು ಎಂದು ಬರೆದಿಟ್ಟವನೂ ಅವನೇ. ಇದನ್ನು ಗೈಡ್ ಹೇಳಿದಾಗ ಪರೀಕ್ಷಾಂಗದಿಂದ ಬಂದವರ ಮುಖ ಅರಳುತ್ತದೆ: ಪ್ರಶ್ನೆಪತ್ರಿಕೆ ಸೋರಿಕೆಯಿಲ್ಲ, ಮರುಮೌಲ್ಯಮಾಪನವಿಲ್ಲ.

645ರಲ್ಲಿ ಅವನು ಮರಳಿದ್ದು 657 ಗ್ರಂಥಗಳನ್ನು ಇಪ್ಪತ್ತು ಕುದುರೆಗಳ ಮೇಲೆ ಹೇರಿಕೊಂಡು. ಸಿಂಧೂ ನದಿ ದಾಟುವಾಗ ಒಂದಷ್ಟು ನೀರುಪಾಲಾಗಿದ್ದವು. ಅವುಗಳ ಪ್ರತಿ ಕಳಿಸಿ ಎಂದು ಆಮೇಲೆ ಭಾರತಕ್ಕೆ ಕಾಗದ ಬರೆದ. ಅನುಮತಿಯಿಲ್ಲದೆ ಹೋದದ್ದನ್ನು ಚಕ್ರವರ್ತಿ ಮನ್ನಿಸಿದ, ಆದರೆ ಟೂರ್ ರಿಪೋರ್ಟ್ ಕೇಳಿದ. ಮರುವರ್ಷವೇ ಹನ್ನೆರಡು ಸಂಪುಟಗಳ ವರದಿ ಸಿದ್ಧ. ನಮ್ಮ ಇಮ್ಮಡಿ ಪುಲಕೇಶಿಯ ಯೋಧರು ಯುದ್ಧಕ್ಕೆ ಮುಂಚೆ ಕುಡಿದು ಮತ್ತೇರಿಸಿಕೊಳ್ಳುತ್ತಿದ್ದುದು, ಆನೆಗಳಿಗೂ ಕುಡಿಸುತ್ತಿದ್ದುದು ಅದರಲ್ಲಿದೆ. ಈಗಿನ ವರದಿಗಳು ಒಂದೂವರೆ ಪುಟ. ಅದರಲ್ಲಿ ಅರ್ಧ ಪುಟ ಬ್ಯಾನರ್ ಹಿಡಿದ ಗ್ರೂಪ್ ಫೋಟೊ.

ಎನ್‌ಒಸಿ ದಕ್ಕಿಸಿಕೊಂಡವರು ಲುಂಬಿನಿಯಲ್ಲಿ ಅಶೋಕನ ಕಂಬ ನೋಡುತ್ತಾರೆ. ಖುದ್ದಾಗಿ ಬಂದಿದ್ದೆ, ಬುದ್ಧ ಹುಟ್ಟಿದ ಊರೆಂದು ತೆರಿಗೆ ಇಳಿಸಿದ್ದೇನೆ ಎಂದು ಅವನು ಅದರ ಮೇಲೆ ಕೊರೆಸಿದ್ದಾನೆ. ಅದೇ ಅಶೋಕ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ತನ್ನ ಸ್ವಯಂ ಮೌಲ್ಯಮಾಪನವನ್ನೂ ಬಿಟ್ಟು ಹೋಗಿದ್ದಾನೆ: ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನವನ್ನೇನೂ ಮಾಡಲಿಲ್ಲ, ಸಂಘದ ಸಂಪರ್ಕ ಬಂದ ಮೇಲೆ ಚುರುಕಾದೆ ಎಂಬುದು ಅದರ ಸಾರಾಂಶ. ವರ್ಷವರ್ಷವೂ ಬಡ್ತಿಗೆಂದು ಕಾಲಂ ಖಾಲಿ ಬಿಡದೆ ಫಾರಂ ತುಂಬುವ ಅಸೋಸಿಯೇಟ್ ಪ್ರೊಫೆಸರು ಇದನ್ನು ಎರಡೆರಡು ಸಲ ಓದಿ, ಚಕ್ರವರ್ತಿಗೆ ಪ್ರಮೋಷನ್ ಬಾಕಿ ಇರಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.