ನಿವೇಶನ ರಹಿತನ ಫ್ರಿಜ್ಜು

ಗುಂಜಾ ನರಸಿಂಹಸ್ವಾಮಿಯ ಕೃಪೆಯಿಂದ ನಮ್ಮ ತಿ. ನರಸೀಪುರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು. ಹಾಗೆಂದು ಸ್ಥಳಪುರಾಣ ಹೇಳುತ್ತದೆ, ಊರಿನವರು ಒಪ್ಪುತ್ತಾರೆ, ಕಾಶಿಯವರನ್ನು ಯಾರೂ ಕೇಳಿಲ್ಲ. ಇಲ್ಲಿ ಕಾವೇರಿ, ಕಪಿಲೆಯರ ಜೊತೆಗೆ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿ ಸಂಗಮವಾಗುತ್ತದೆ. ಆ ಮೂರನೆಯದನ್ನು ಕಣ್ಣಿಂದ ಕಂಡವರಿಲ್ಲ. ಆದರೂ ಅದನ್ನು ಲೆಕ್ಕಕ್ಕೆ ಹಿಡಿದೇ 1989ರಿಂದ ಕುಂಭಮೇಳ ನಡೆದುಬಂದಿದೆ. 2025ರ ಫೆಬ್ರವರಿಯಲ್ಲೂ ಮೂರು ದಿನ ಜನ ಕಿಕ್ಕಿರಿದು ಬಂದು ಮಿಂದು ಹೋದರು, ಸರೋವರದ ದಾಖಲೆ ತೋರಿಸಿ ಎಂದು ಒಬ್ಬರೂ ಕೇಳಲಿಲ್ಲ. ಅಂಥ ಉದಾರಿಗಳ ಊರಿನಲ್ಲಿ, ಎದುರಿಗೇ ನಿಂತಿರುವ ನನ್ನ ಬಡತನಕ್ಕೆ ಎರಡು ಸೆಟ್ ಜೆರಾಕ್ಸ್ ಬೇಕಾಯಿತು.

ನಾನು ರೈಸ್‌ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಕಂಡವರ ಭತ್ತ ಅಕ್ಕಿಯಾಗುವುದನ್ನು ಬರೆದಿಡುವುದು ನನ್ನ ಕಾಯಕ. ಮದುವೆಯಾದಾಗಿನಿಂದ ಬಾಡಿಗೆ ಮನೆಯೇ. ವರ್ಷ ಮೀರುವ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳಿತಂತೆ. ದೇಶದ ಮನೆ ಮಾಲೀಕರೆಲ್ಲ ಸೇರಿ ವರ್ಷಕ್ಕೆ ಹನ್ನೊಂದೇ ತಿಂಗಳು ಎಂದು ತೀರ್ಮಾನಿಸಿಬಿಟ್ಟರು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳಬಾರದೆಂದು 2021ರಲ್ಲಿ ಕೇಂದ್ರದವರು ಮಾದರಿ ಬಾಡಿಗೆ ಕಾಯ್ದೆ ಮಾಡಿದ್ದನ್ನು ಪೇಪರಿನಲ್ಲಿ ಓದಿ, ಕತ್ತರಿಸಿ, ನಮ್ಮ ಮಾಲೀಕರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. "ಚೆನ್ನಾಗಿದೆ. ರಾಜ್ಯದೋರು ಒಪ್ಕೊಂಡ ಮೇಲೆ ಹೇಳಿ" ಎಂದು ಚೀಟಿಯನ್ನು ನನ್ನ ಜೇಬಿಗೇ ತುರುಕಿದರು. ಅಮೆರಿಕದಲ್ಲಿ 1974ರಿಂದಲೇ ಬಡ ಬಾಡಿಗೆದಾರ ತನ್ನ ಆದಾಯದಲ್ಲಿ ಒಂದು ಪಾಲು ಕೊಟ್ಟರೆ ಮಿಕ್ಕಿದ್ದನ್ನು ಸರ್ಕಾರವೇ ಮಾಲೀಕನಿಗೆ ಕಟ್ಟುವ ಏರ್ಪಾಡಿದೆ ಎಂದೂ ಹೇಳಿ ನೋಡಿದೆ. "ಸರ್ಕಾರದ ದುಡ್ಡಾ? ನನ್ನ ಮೊಮ್ಮಗನ ಕಾಲಕ್ಕೆ ಬರುತ್ತೆ ಬಿಡಿ" ಅಂದರು.

ನಮ್ಮಲ್ಲೂ 2024ರ ಸೆಪ್ಟೆಂಬರಿನಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಕಂತಿನಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೂ ಒಂದು ವಿಭಾಗ ಇಟ್ಟಿದ್ದಾರೆ. ಆದರೆ ನಮ್ಮೂರ ಸಾಲಿನಲ್ಲಿ ನಿಂತು ಬಾಡಿಗೆ ಮನೆ ಕೊಡಿ ಅಂದರೆ ನಕ್ಕುಬಿಡುತ್ತಾರೆ. ಇಲ್ಲಿ ಜನ ಎರಡೇ ಜಾತಿ: ಸೈಟಿದ್ದು ಮನೆಯಿಲ್ಲದ ವಸತಿ ರಹಿತರು, ಎರಡೂ ಇಲ್ಲದ ನಿವೇಶನ ರಹಿತರು. ನಾನು ಎರಡನೆಯ ಜಾತಿಯವನಾಗಿ ಸ್ವಂತ ಮನೆಗೇ ಅರ್ಜಿ ಹಾಕಿದೆ.

ಭಾರತದ ಯಾವ ಭಾಗದಲ್ಲೂ ನನಗಾಗಲಿ, ಹೆಂಡತಿಗಾಗಲಿ, ಮದುವೆಯಾಗದ ಮಕ್ಕಳಿಗಾಗಲಿ ಪಕ್ಕಾ ಮನೆ ಇಲ್ಲವೆಂದು ಬರೆದುಕೊಡಬೇಕಿತ್ತು. ನಂಜನಗೂಡು ದಾಟಿದರೆ ದಾರಿ ಕೇಳುವ ನನಗೆ ಇಡೀ ಭಾರತವನ್ನೇ ಒಳಗೊಂಡ ಕಾಗದಕ್ಕೆ ಸಹಿ ಮಾಡುವ ಯೋಗ! ಯಾವುದಕ್ಕೂ ಇರಲಿ ಎಂದು ಒಂದನೇ ಕ್ಲಾಸಿನ ಮಗಳನ್ನು ವಿಚಾರಿಸಿದೆ. "ಇದೆಯಲ್ಲಪ್ಪಾ, ಹೊಳೆ ಹತ್ರ ಮರಳಲ್ಲಿ ಕಟ್ಟಿದೀನಿ" ಅಂದಳು. ಅಗಸ್ತ್ಯರು ಮರಳಿನಿಂದ ಮಾಡಿದರೆನ್ನುವ ಲಿಂಗ ತಿರುಮಕೂಡಲಿನ ಗುಡಿಯಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಆದರೂ ಮಗಳ ಮನೆ ಪಕ್ಕಾ ಅಲ್ಲವೆಂದು ಧೈರ್ಯ ಮಾಡಿ ಸಹಿ ಹಾಕಿದೆ. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕು, ಫೋಟೊ ಇವೆಲ್ಲ ಆದವು. ವರ್ಷಕ್ಕೆ ಮೂರು ಲಕ್ಷದೊಳಗಿನ ಆದಾಯ ಇರಬೇಕಿತ್ತು. ಆ ವಿಷಯದಲ್ಲಿ ನನ್ನ ಮಿಲ್ ಮಾಲೀಕರು ಎಂದೂ ಕೈಬಿಟ್ಟವರಲ್ಲ.

ಸ್ಥಳ ಪರಿಶೀಲನೆಗೆ ಬರುತ್ತಾರೆ ಎಂಬ ಸುದ್ದಿ ಬಂದ ಸಂಜೆ ಹಳ್ಳಿಯಿಂದ ನನ್ನ ಭಾಮೈದ ಬಂದಿದ್ದ. ನಡುಮನೆಯಲ್ಲಿ ನಿಂತಿದ್ದ ನಮ್ಮ ಸೆಕೆಂಡ್‌ಹ್ಯಾಂಡ್ ಫ್ರಿಜ್ಜನ್ನು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. "ಇದ ಮಡಿಕಂಡು ಮನೆ ಕೇಳಿಯಾ ಬಾವ? ಫ್ರಿಜ್ಜು ಅದೆ ಅಂದ್ರೆ ಅರ್ಜಿ ಮುಗ್ದೋಯ್ತು ಕನಾ. ನಮ್ಮೂರಲ್ಲಿ ಎಷ್ಟು ಜನುಕ್ಕೆ ಹಂಗೇ ಹೊಡ್ದಾಕವ್ರೆ!"

ಪಕ್ಕದ ಮನೆಗೆ ಸಾಗಿಸೋಣವೆಂದರೆ ಅವರೂ ಅರ್ಜಿದಾರರೇ. ಅವರು ತಮ್ಮ ವಾಷಿಂಗ್ ಮೆಷಿನ್ನನ್ನು ನಮ್ಮಲ್ಲಿ ಇಡಬಹುದೇ ಎಂದು ಕೇಳಲು ಹೊರಟಿದ್ದರು. ಬಚ್ಚಲಿನ ಬಾಗಿಲು ಕಿರಿದು. ಮಂಚದ ಕೆಳಗೆ ಮಲಗಿಸಿದರೆ ಗ್ಯಾಸು ಹೋಗುತ್ತದೆಂದು ಹೆಂಡತಿ ಅಡ್ಡ ಬಂದಳು. ಕೊನೆಗೆ ದಾರಿ ತೋರಿಸಿದವಳು ಅವ್ವ. "ದೇವ್ರ ಮಾಡ್ಬುಡ್ರಪ್ಪ. ದೇವ್ರ ಸೀರೆ ಎತ್ತಿ ನೋಡೋನು ಯಾವನು?"

ಹೆಂಡತಿಯ ಧಾರೆ ಸೀರೆ ಬೀರುವಿನಿಂದ ಇಳಿಯಿತು. ಫ್ರಿಜ್ಜಿಗೆ ನೆರಿಗೆ ಹಿಡಿದು, ಸೆರಗನ್ನು ಹಿಂದಕ್ಕೆ ಬಿಟ್ಟು, ಸೊಂಟದ ಜಾಗಕ್ಕೆ ಡಾಬು ಕಟ್ಟಿದೆವು. ತಲೆಯ ಮೇಲೆ ಕುಂಭಮೇಳದಲ್ಲಿ ಕೊಂಡ ಗುಂಜಾ ನರಸಿಂಹನ ಫೋಟೊ, ಕನಕಾಂಬರದ ಹಾರ, ಎರಡು ದೀಪ. ಭಾಮೈದ ತಂದಿದ್ದ ರಸಬಾಳೆಯನ್ನು ನೈವೇದ್ಯಕ್ಕಿಡಲು ಹೋದವನನ್ನು ಹೆಂಡತಿ ತಡೆದಳು. ಈ ಕಾಲದಲ್ಲಿ ನಂಜನಗೂಡು ರಸಬಾಳೆ ಇಟ್ಟರೆ ಶ್ರೀಮಂತರೆಂದುಕೊಂಡಾರು ಎಂದು ಎರಡು ಪಚ್ಚಬಾಳೆ ಇಟ್ಟೆವು. ನಿಜ ಹೇಳಬೇಕೆಂದರೆ ದೇವರು ಲಕ್ಷಣವಾಗಿಯೇ ಬಂದಿತ್ತು. ನಾನೇ ಎರಡು ಸಲ ಕೈ ಮುಗಿದೆ.

ಮಾರನೆಯ ದಿನ ನಡುಮಧ್ಯಾಹ್ನ ಬಂದವರು ಒಬ್ಬ ಹುಡುಗ. ಟ್ಯಾಬು, ಬೆವರು, ಸಭ್ಯ ಮುಖ. ದೇವರನ್ನು ಕಂಡವರೇ ಬಾಗಿಲಿಗೆ ವಾಪಸು ಹೋಗಿ ಚಪ್ಪಲಿ ಬಿಟ್ಟು ಬಂದರು. ಚಾವಣಿ ನೋಡಿದರು, ಕೋಣೆ ಎಣಿಸಿದರು, ಬರೆದುಕೊಂಡರು. ಕಣ್ಣು ಮಾತ್ರ ಮತ್ತೆ ಮತ್ತೆ ಅತ್ತಲೇ. "ದೇವರ ಪೀಠ ಎತ್ತರ ಇದೆ ಅಲ್ವಾ?" ಅಂದರು. "ಉಗ್ರ ದೇವ್ರು ಕನಪ್ಪ, ತಗ್ಗಲ್ಲಿ ಕೂರಕಿಲ್ಲ" ಅಂದಳು ಅವ್ವ.

ಅಷ್ಟರಲ್ಲಿ ದೇವರು ಗುರ್ರ್ ಎಂದಿತು.

ನೆರಿಗೆಗಳು ಅದುರಿದವು. ಡಾಬು ಸಣ್ಣಗೆ ಕಿಣಿಕಿಣಿ ಅಂದಿತು. ಒಂದು ಬಾಳೆಹಣ್ಣು ಮೆಲ್ಲಗೆ ಅಂಚಿನ ಕಡೆಗೆ ನಡೆಯತೊಡಗಿತು. ಹುಡುಗರು ಪೆನ್ನು ಎತ್ತಿದವರು ಎತ್ತಿಕೊಂಡೇ ನಿಂತರು. "ನರಸಿಮ್ಮ ಅಲ್ವಾ, ಹೊಸಬ್ರ ಕಂಡ್ರೆ ಒಂದೊಂದು ಗಳ್ಗೆ ಹಿಂಗೇ ಅಂತನೆ" ಎಂದು ಅವ್ವ ಕೆನ್ನೆ ಬಡಿದುಕೊಂಡಳು. ಅವರೂ ಬಡಿದುಕೊಂಡರು. ಸೆರಗಿನ ಕೆಳಗಿನಿಂದ ಹೊರಟು ಗೋಡೆಯ ಪ್ಲಗ್ಗಿಗೆ ಸೇರಿದ್ದ ದಪ್ಪ ವೈರನ್ನು ಅವರು ನೋಡುತ್ತಿದ್ದಾರೆಂದು ತಿಳಿದು, "ಸೀರಿಯಲ್ ಸೆಟ್ಟು ಸರ್, ರಾತ್ರಿ ಹೊತ್ತು ಹಾಕ್ತೀವಿ" ಅಂದೆ. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ಮೆಚ್ಚುಗೆ ಇತ್ತೆಂದು ಈಗಲೂ ನಂಬಿದ್ದೇನೆ.

ಆಗ ಮಗಳು ಸ್ಕೂಲಿನಿಂದ ಬಂದಳು. ಬ್ಯಾಗೆಸೆದಳು. ಯಾರನ್ನೂ ನೋಡದೆ ನೇರ ದೇವರ ಬಳಿಗೆ ಹೋಗಿ, ನೆರಿಗೆಯನ್ನು ಒಂದು ಕೈಯಲ್ಲಿ ಸರಿಸಿ, ಇನ್ನೊಂದು ಕೈಯಲ್ಲಿ ಎಳೆದಳು. ಕಂಬ ಸೀಳಿ ಬಂದ ಸ್ವಾಮಿಯನ್ನು ಕಂಡ ಹಿರಣ್ಯಕಶಿಪುವಿನ ಹಾಗೆ ನಾನು ನಿಂತಲ್ಲೇ ನಿಂತೆ. ಒಳಗಿನಿಂದ ದಿವ್ಯವಾದ ಬೆಳಕು ಹರಿದು, ಆ ಬೆಳಕಿನಲ್ಲಿ ನೆನ್ನೆಯ ಹುಳಿ, ದೋಸೆ ಹಿಟ್ಟು, ಅರ್ಧ ನಿಂಬೆಹಣ್ಣು, ಒಂದು ಕಟ್ಟು ಕೊತ್ತಂಬರಿ ಸೊಪ್ಪು ದರ್ಶನ ಕೊಟ್ಟವು. ಮಗಳು ಬಾಟಲಿ ತೆಗೆದು ಗಟಗಟ ಕುಡಿದು, ದೇವರನ್ನು ಧಡ್ಡೆಂದು ಮುಚ್ಚಿದಳು.

ಯಾರೂ ಮಾತಾಡಲಿಲ್ಲ. ಹುಡುಗರೇ ಗಂಟಲು ಸರಿಮಾಡಿಕೊಂಡು, "ಅಕ್ಕಾ, ತಣ್ಣೀರು ಮಿಕ್ಕಿದ್ರೆ ನನಗೂ ಒಂದು ಲೋಟ ಕೊಡಿ" ಅಂದರು. ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು: "ಫ್ರಿಜ್ಜು ಲೆಕ್ಕಕ್ಕೆ ಹಿಡೀತಿದ್ದಿದ್ದು ಗ್ರಾಮೀಣ ಯೋಜನೆಯಲ್ಲಿ ಸರ್. ಫ್ರಿಜ್ಜು, ಲ್ಯಾಂಡ್‌ಲೈನ್, ಬೈಕು ಇದ್ದೋರಿಗೆ ಅಲ್ಲಿ ಮನೆ ಇರಲಿಲ್ಲ. 2024ರಲ್ಲಿ ಅಲ್ಲೂ ತೆಗೆದುಹಾಕಿದ್ರು. ಟೌನಿನ ಯೋಜನೆಗೆ ಅದು ಬರೋದೇ ಇಲ್ಲ. ನಿಮ್ಮ ತೊಂದರೆ ಬೇರೆ ಇದೆ. ಅಕ್ಕನ ಆಧಾರಿನಲ್ಲಿ ತವರುಮನೆ ಇನಿಷಿಯಲ್ ಇದೆ, ಪಾಸ್‌ಬುಕ್ಕಲ್ಲಿ ನಿಮ್ಮದಿದೆ. ಸರಿ ಮಾಡಿಸಿ." ಹೋಗುವಾಗ ಫೋಟೊಗೆ ಮತ್ತೊಮ್ಮೆ ಕೈ ಮುಗಿದರು. ಭಾಮೈದ ಅಷ್ಟು ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿದ್ದ.

ಇನಿಷಿಯಲ್ ಸರಿ ಮಾಡಿಸಿ ಕಾಗದ ಕೊಡಲು ಹೋದರೆ ಸಾಲಿನಲ್ಲಿ ನನ್ನ ಮುಂದೆ ನಿಂತವರು ಯಾರು? ನಮ್ಮ ಮನೆ ಮಾಲೀಕರು! ವಠಾರದ ಜೊತೆಗೆ ಇನ್ನೆರಡು ಮನೆ ಬಾಡಿಗೆಗೆ ಬಿಟ್ಟಿರುವ ಮಹಾನುಭಾವರು. "ಮಗನಿಗೆ ಕಣ್ರೀ. ಪಾಪ, ಅವನ ಹೆಸರಲ್ಲಿ ಇನ್ನೂ ಏನೂ ಮಾಡಿಲ್ಲ" ಅಂದರು, ಕಣ್ಣೂ ಮಿಟುಕಿಸದೆ. ಆ ಕ್ಷಣ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಾನು ಮುಚ್ಚಿದ್ದು ಒಂದು ಹಳೇ ಫ್ರಿಜ್ಜು. ಈ ಪುಣ್ಯಾತ್ಮ ಒಂದು ಬೀದಿಯನ್ನೇ ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದರು.

ನನ್ನ ಹಿಂದೆ ಹೂ ಮಾರುವ ಒಬ್ಬ ಅಜ್ಜಿ. 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ಒಂದು ಲಕ್ಷ ಕ್ಯುಸೆಕ್‌ಗೂ ಮಿಕ್ಕಿ ನೀರು ಬಿಟ್ಟಾಗ ಹೊಳೆ ದಂಡೆಯ ಅವಳ ಮನೆಯ ಎರಡು ಗೋಡೆ ಹೋದವಂತೆ. ಈಗಲೂ ಅಲ್ಲೇ ಇದ್ದಾಳೆ, ಎರಡು ಕಡೆ ತಗಡು ಕಟ್ಟಿಕೊಂಡು. ಹೊತ್ತು ಕಳೆಯಲೆಂದು ನನ್ನ ಫ್ರಿಜ್ಜಿನ ಕಥೆ ಹೇಳಿದೆ. ಬಾಯ್ತುಂಬ ನಕ್ಕಳು. ಆಮೇಲೆ, "ನನ್ ಮನೇಲಿ ಬಚ್ಚಿಡಕೆ ಏನೂ ಇಲ್ಲ ಕನಪ್ಪ. ಹೊಳೆಯವ್ವ ಆಗ್ಲೇ ಎಲ್ಲಾನೂ ನೋಡ್ಕಂಡು ಹೋಗವ್ಳೆ" ಅಂದಳು. ಅವಳ ಕೈಯಲ್ಲಿದ್ದ ಆದಾಯ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ಹೂ ಕಟ್ಟುವ ದಾರ ಬಿಗಿದಿದ್ದಳು. ನಾನು ಅವಳನ್ನು ಮುಂದಕ್ಕೆ ಬಿಟ್ಟೆ. ಮಾಲೀಕರು ಬಿಡಲಿಲ್ಲ.

ಅರ್ಜಿ ಈಗ ಪರಿಶೀಲನೆಯಲ್ಲಿದೆ. ಮಂಜೂರಾದರೆ ಮನೆ ಹೆಂಡತಿಯ ಹೆಸರಿನಲ್ಲಿರಬೇಕು, ಇಲ್ಲವೇ ಇಬ್ಬರ ಹೆಸರಿನಲ್ಲೂ ಜಂಟಿಯಾಗಿರಬೇಕು ಎಂಬುದು ಯೋಜನೆಯ ನಿಯಮ. ಜಂಟಿ ಬೇಡವೆಂದು ಅವಳು ಈಗಾಗಲೇ ತಿಳಿಸಿದ್ದಾಳೆ.