ಹೆಬ್ಬೆರಳಣ್ಣ

2005-06ರ ಸುಮಾರಿಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುತ್ತಿದ್ದ ಬೆಳಗಿನ ಗಾಡಿಯಲ್ಲಿ ಹೆಬ್ಬೆರಳಣ್ಣನನ್ನು ಗುರುತಿಸುವುದು ಕಷ್ಟವಿರಲಿಲ್ಲ. ಊರ್ಗಾಂ, ಕೋರಮಂಡಲ್ ದಾಟುವ ಹೊತ್ತಿಗೆ ಉಳಿದವರೆಲ್ಲ ಇಸ್ಪೀಟು ಹಂಚಿಕೊಂಡಿರುತ್ತಿದ್ದರು, ಇಲ್ಲವೇ ಪಕ್ಕದವರ ಹೆಗಲಿಗೆ ತಲೆ ಕೊಟ್ಟಿರುತ್ತಿದ್ದರು. ಇವನೊಬ್ಬ ಮಾತ್ರ ದಿನಚರಿ ಬರೆದಿಡುವ ಅಂಗೈಯಗಲದ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಹೇನು ಕುಕ್ಕುವವರ ಏಕಾಗ್ರತೆಯಿಂದ ಹೆಬ್ಬೆರಳು ಆಡಿಸುತ್ತಿದ್ದ. ಜಾಗವಿದ್ದರೂ ಕೂರುತ್ತಿರಲಿಲ್ಲ. ಕೂತರೆ ಯಾರಿಗೆ ಕಾಣಬೇಕು?

2001ರ ಫೆಬ್ರವರಿ 28ಕ್ಕೆ ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿತು. ಅಲ್ಲಿಯತನಕ ಕೆಜಿಎಫಿನಲ್ಲಿ ದಿನಚರಿ ಬರೆದಿಡುವ ದರ್ದು ಯಾರಿಗೂ ಇರಲಿಲ್ಲ. ಶಿಫ್ಟಿನ ಸೈರನ್ ಕೂಗಿದರೆ ಎದ್ದರು, ಕೂಗಿದರೆ ಉಂಡರು. ಸೈರನ್ ಬಾಯಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಬದುಕು ಬೆಂಗಳೂರಿನ ಗಾಡಿಗೆ ಗಂಟುಬಿತ್ತು. ನಮ್ಮ ಅಣ್ಣ ತನ್ನದೇ ಒಂದು ಸೈರನ್ ಜೇಬಿನಲ್ಲಿಟ್ಟುಕೊಂಡ. ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡದ್ದು. ಕೇಳಿದವರಿಗೆ ‘ಅಮೆರಿಕಾ ಮಾಲು’ ಎನ್ನುತ್ತಿದ್ದ. ಸುಳ್ಳಿರಲಾರದು, ಅಲ್ಲಿ ಯಾರೋ ಬೇಸತ್ತು ಬಿಟ್ಟದ್ದೇ ಇರಬೇಕು.

ಇಂಥ ಅಂಗೈ ಯಂತ್ರಗಳ ವಿಷಯದಲ್ಲಿ ಅವನ ಪಾಂಡಿತ್ಯ ದೊಡ್ಡದು. 1996ರ ಪಾಮ್ ಪೈಲಟ್‌ನಲ್ಲಿ ಕಡ್ಡಿಯಿಂದ ಗೀಚಬೇಕಿತ್ತು, ಗೀಚಲು ಗ್ರಾಫಿಟಿ ಎಂಬ ಬೇರೆಯೇ ಅಕ್ಷರಶೈಲಿ ಕಲಿಯಬೇಕಿತ್ತು. ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳು ರೂಪಿಸಿ, 2004ರಲ್ಲಿ ಬಿಇಎಲ್ ಮಾರುಕಟ್ಟೆಗೆ ತಂದ ಸಿಂಪ್ಯೂಟರ್‌ಗೂ ಕಡ್ಡಿಯೇ. ಅದಕ್ಕೆ ಕನ್ನಡ ಬರುತ್ತಿತ್ತು ಎಂದರೂ ಅಣ್ಣ ಕರಗುತ್ತಿರಲಿಲ್ಲ. “ಕಡ್ಡಿ ಹಿಡ್ಕೊಂಡು ಗೀಚೋದಾದ್ರೆ ಸ್ಲೇಟು ಸಾಲ್ದಾ ಸಾರ್? ಕೀ ಇರಬೇಕು, ಕೀ! ಬ್ಲ್ಯಾಕ್‌ಬೆರಿ ಇಟ್ಕೊಂಡಿರೋ ದೊಡ್ಡ ಸಾಹೇಬ್ರನ್ನ ನೋಡಿ.” ನಾವು ನೋಡುತ್ತಿದ್ದುದು ಇವನನ್ನೇ. ಆ ಪುಟ್ಟ ಕೀಗಳಲ್ಲಿ ಒಂದನ್ನು ಒತ್ತಿದರೆ ಅಕ್ಕಪಕ್ಕದ ಎರಡು ತಾವಾಗಿ ಕೂರುತ್ತಿದ್ದವು. ಅದಕ್ಕೆಂದು ಎರಡೂ ಹೆಬ್ಬೆರಳಿನ ಉಗುರು ಬೆಳೆಸಿದ್ದ. ಎರಡೂ ಕೆಲಸದಲ್ಲಿದ್ದರೆ ಕಂಬಿ ಹಿಡಿಯಲು ಕೈಯೆಲ್ಲಿ ಉಳಿಯಬೇಕು? ಟೇಕಲ್ ಬಿಟ್ಟು ಗಾಡಿ ಜಗ್ಗಿದಾಗೆಲ್ಲ ಅಣ್ಣ ಯಾರದಾದರೂ ಎದೆಗೆ ಒರಗುತ್ತಿದ್ದ. ಒರಗಿಕೊಂಡೇ ವಾಕ್ಯ ಮುಗಿಸುತ್ತಿದ್ದ. 1930ರಲ್ಲಿ ಬೆರಳಚ್ಚು ಕೊಡಲಾರೆವೆಂದು ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದ ಊರು ನಮ್ಮದು. ಅಜ್ಜಂದಿರು ಕಂಪನಿಗೆ ಕೊಡಲೊಪ್ಪದ ಹೆಬ್ಬೆರಳನ್ನು ಮೊಮ್ಮಗ ಕೈಯಿಂದ ಕಾಸು ಕೊಟ್ಟು ಯಂತ್ರಕ್ಕೊಪ್ಪಿಸಿದ್ದ.

ಏನು ಬರೆಯುತ್ತಿದ್ದ? ಎಲ್ಲವನ್ನೂ. ಬೋಗಿಯಲ್ಲಿದ್ದ ಅಷ್ಟೂ ಜನರ ಸೀಸನ್ ಪಾಸು ಯಾವತ್ತು ಮುಗಿಯುತ್ತದೆ, ಯಾರ ಚೀಟಿ ಯಾವ ತಿಂಗಳು, ಯಾರ ಮಗಳ ನಾಮಕರಣ ಯಾವ ಭಾನುವಾರ. ಅಲಾರಂ ಕಿರ್ರೆಂದರೆ ಇಸ್ಪೀಟಿನವರೂ ಎಲೆ ಕೆಳಗಿಡುತ್ತಿದ್ದರು: “ಈವತ್ತು ಯಾರ್ದಣ್ಣಾ?” ಆ ಘಳಿಗೆ ಅವನ ಮುಖ ನೋಡಬೇಕಿತ್ತು.

ಮನೆಯ ಸಾಮಾನಿನ ಪಟ್ಟಿಯೂ ಅದರಲ್ಲೇ. ಕನ್ನಡವಿಲ್ಲದ ಯಂತ್ರ, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೆಂಡತಿ ಫೋನಿನಲ್ಲಿ ಬಾಳೆಯೆಲೆ, ಬಾಳೆಹಣ್ಣು ಹೇಳಿದ್ದಳಂತೆ. ಇವನು ಅವಸರಕ್ಕೆ ‘ಬಾಳೆ’ ಎಂದಷ್ಟೇ ಒತ್ತಿದ. ಸಂಜೆ ತೆರೆದಾಗ ‘ಬಳೆ’ ಎಂದು ಓದಿ, ಎರಡು ಡಜನ್ ಹಸಿರು ಗಾಜಿನ ಬಳೆ ತಂದ. ಬೈಗುಳ ಬೀಳಲಿಲ್ಲ. ಅಂದಿನಿಂದ ಆಕೆಗೂ ಯಂತ್ರದ ಮೇಲೆ ಗೌರವ ಬಂತು.

ಆ ಕಾಲದ ಇಂಥ ಎಷ್ಟೋ ಯಂತ್ರಗಳಿಗೆ ಬ್ಯಾಟರಿಯೇ ಪ್ರಾಣ, ಬ್ಯಾಟರಿಯೇ ನೆನಪು. ಪೂರ್ತಿ ಇಳಿಯಿತೋ, ಒಳಗಿದ್ದದ್ದೆಲ್ಲ ಹೋಯಿತು. ಆಗಾಗ ಕಂಪ್ಯೂಟರಿಗೆ ಜೋಡಿಸಿ ಒಂದು ಪ್ರತಿ ಇಟ್ಟುಕೊಳ್ಳಬೇಕಿತ್ತು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಇದನ್ನು ಕೊಂಡದ್ದೇ ಅದಿಲ್ಲದ ಸಂಕಟಕ್ಕೆ. ಒಂದು ಮಂಗಳವಾರ ವೈಟ್‌ಫೀಲ್ಡ್ ದಾಟುತ್ತಲೇ ಪರದೆ ಕಪ್ಪಾಯಿತು. ಕೃಷ್ಣರಾಜಪುರದಲ್ಲಿ ಹತ್ತಿದ ಟಿಟಿಇ ಬೋಗಿಯಲ್ಲಿ ಎಲ್ಲರ ಪಾಸು ನೋಡಿದರು. ಅಣ್ಣ ಎಚ್ಚರಿಸಿದ್ದವರದೆಲ್ಲ ಸರಿಯಾಗಿತ್ತು. ಅವಧಿ ಮುಗಿದಿದ್ದದ್ದು ಅವನೊಬ್ಬನದೇ. ದಂಡ ಕಟ್ಟಿದ. ಮರುದಿನ ಚಾರ್ಜು ಮಾಡಿದ ಬರಿದಾದ ಯಂತ್ರದಲ್ಲಿ ಮೊಟ್ಟಮೊದಲು ಒತ್ತಿದ್ದು ದಂಡದ ರಸೀದಿಯ ನಂಬರು. ಆಮೇಲೆ ಬೋಗಿಯ ತುಂಬ ಓಡಾಡಿ, ಎಲ್ಲರ ಪಾಸಿನ ತಾರೀಖನ್ನೂ ಹೊಸದಾಗಿ ಕೇಳಿ ತುಂಬಿಕೊಂಡ. ತನ್ನ ಫೋನ್ ನಂಬರನ್ನೂ ನಮ್ಮಿಂದಲೇ ಕೇಳಿ ಬರೆದುಕೊಂಡ.

ಸಂಜೆ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿಂದು, ಅಲ್ಲಿಂದ ಬಸ್ಸು ಹಿಡಿಯುವುದು ರೂಢಿ. “ಬೇರೆ ಊರಲ್ಲಿ ಹಸಿರು ಪಾನಿ ಸಾರ್, ಕೀ ಮೇಲೆ ಕಲೆ ಕೂತ್ಬಿಡುತ್ತೆ. ನಮ್ಮ ಬಂಗಾರಪೇಟೇದು ನೋಡಿ, ನೀರಂಗೆ ತಿಳಿ” ಎಂದು ಊರಿನ ಹೆಸರಾಂತ ಪಾನಿಗೆ ಯಾರೂ ಕಾಣದ ಗುಣವೊಂದನ್ನು ಕಂಡುಹಿಡಿದಿದ್ದ. ತಳ್ಳುಗಾಡಿಯ ಹುಡುಗ ಸುತ್ತ ನಿಂತವರಿಗೆಲ್ಲ ಹೆಬ್ಬೆರಳಿನಿಂದ ಟಪಟಪನೆ ಪೂರಿಗೆ ತೂತು ಹಾಕಿ ಕೊಡುತ್ತಿದ್ದ, ಲೆಕ್ಕ ತಪ್ಪುತ್ತಿರಲಿಲ್ಲ. ಆ ವಾರದ ಶುಕ್ರವಾರ ಅಣ್ಣ ಯಂತ್ರ ತೆಗೆದು, “ಇರಪ್ಪ, ಎಷ್ಟು ಕೊಡಬೇಕು ನೋಡಿ ಹೇಳ್ತೀನಿ” ಎಂದ.

“ಈವತ್ತಿಂದು ಎರಡು ಪ್ಲೇಟು, ಮಂಗಳವಾರದ್ದು ಒಂದು ಬಾಕಿ.”

“ಮಂಗಳವಾರ ನನ್ನ ಹತ್ರ ಎಂಟ್ರೀನೇ ಇಲ್ವಲ್ಲೋ!”

ಹುಡುಗ ಪೂರಿಯಿಂದ ಕಣ್ಣು ಎತ್ತಲಿಲ್ಲ. “ಅವತ್ತು ನಿಮ್ಮ ಮಿಷಿನ್ನು ಸತ್ತೋಗಿತ್ತಲ್ಲಣ್ಣ.”